ನಿಂತೇ ಸರೋವರ ನೋಡಿದ ನಮ್ಮ ಭಾವ

ನಮ್ಮ ಭಾವ ಬಸ್ ಕಂಡಕ್ಟರ್. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಭಾನುವಾರ ಸರೋವರದ ದಡದಲ್ಲಿ ಅವರನ್ನು ಕಂಡವರೆಲ್ಲ ಬೇರೆ ಏನೇನೋ ಅಂದುಕೊಂಡರು, ಭಾವನೂ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಸುಮ್ಮನಿದ್ದರು, ಅದರಿಂದಾಗಿ ನನ್ನದೊಂದು ಒಳ್ಳೆಯ ಪ್ಯಾಂಟು ಹಾಳಾಯಿತು. ನಾನು ಟೈಲರ್. ಪ್ಯಾಂಟಿನ ವಿಷಯದಲ್ಲಿ ನನಗೆ ಕ್ಷಮಾಗುಣ ಕಡಿಮೆ.

ಭಾವ ಡ್ಯೂಟಿ ಮುಗಿದ ಮೇಲೂ ಕಂಡಕ್ಟರೇ. ಮನೆಗೆ ನೆಂಟರು ಬಂದು ಬಾಗಿಲಲ್ಲಿ ಎರಡು ನಿಮಿಷ ಮಾತಾಡುತ್ತಾ ನಿಂತರೆ ಸಾಕು, ಹಿಂದಿನಿಂದ "ಒಳಗೆ ನಡೀರಿ, ಒಳಗೆ ನಡೀರಿ, ಅಡುಗೆಮನೆ ತನಕ ಜಾಗ ಇದೆ" ಎಂದು ತಳ್ಳುತ್ತಾರೆ. ಊಟವನ್ನೂ ನಿಂತೇ ಮಾಡುತ್ತಾರೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಕಪಾಟಿನ ಅಂಚಿನ ಮೇಲೆ, ಮನೆ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತು ಅನ್ನುವ ಹಾಗೆ.

ಗಲಾಟೆ ಶುರುವಾದದ್ದು ಪಕ್ಕದ ಮನೆಯ ಟೀಚರಮ್ಮನಿಂದ. ಬೇಸಿಗೆ ರಜೆ ಬಂತೆಂದರೆ ಆಕೆಯೂ ಆಕೆಯ ಗಂಡನೂ ವಾರಕ್ಕೊಂದು ಸರೋವರ ನೋಡಿ ಬರುತ್ತಾರೆ. ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ಸು. ಬಂದವರೇ ನಮ್ಮಕ್ಕನ ಅಡುಗೆಮನೆಗೆ ನುಗ್ಗಿ ಫೋನಿನಲ್ಲಿ ಫೋಟೊ ತೋರಿಸುತ್ತಾರೆ. ನೀರಿನ ಫೋಟೊಗಳನ್ನು ಅಕ್ಕ ಸಹಿಸಿಕೊಂಡಳು. ಬಾತುಕೋಳಿಗಳನ್ನೂ ಸಹಿಸಿಕೊಂಡಳು. ಕೊನೆಗೆ ಬಂದದ್ದು ಬಸ್ಸಿನೊಳಗಿನ ಫೋಟೊ. ಕಿಟಕಿ ಪಕ್ಕ ಟೀಚರಮ್ಮ, ಆಕೆಗೆ ಒತ್ತಿಕೊಂಡು ಗಂಡ, ಇಬ್ಬರ ಬಾಯಿಯೂ ಕಿವಿಯ ತನಕ.

"ನಿಮ್ಮೆಜಮಾನ್ರಿಗೇನಮ್ಮ, ಬಸ್ಸೇ ಅವರದು! ನೀವಿಬ್ರೂ ಹೀಗೆ ಎಷ್ಟು ಸಲ ಹೋಗಿರ್ತೀರೋ!" ಎಂದರು ಟೀಚರಮ್ಮ.

"ಯಾರು ಲೆಕ್ಕ ಇಟ್ಟಿದ್ದಾರೆ ಬಿಡಿ," ಎಂದಳು ಅಕ್ಕ.

ಇಡುವುದಕ್ಕೆ ಲೆಕ್ಕವೇ ಇರಲಿಲ್ಲ. ಮದುವೆಯಾದ ದಿನದಿಂದ ಅಲ್ಲಿಯವರೆಗೆ ಭಾವ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತದ್ದೇ ಇರಲಿಲ್ಲ. ಎಲ್ಲಿಗೆ ಹೊರಟರೂ ಅವಳನ್ನು ಕಿಟಕಿ ಪಕ್ಕ ಕೂರಿಸಿ, ಪಕ್ಕದ ಸೀಟನ್ನು ಯಾರೋ ಅಜ್ಜಿಗೆ ಧಾರೆಯೆರೆದು, ತಾವು ಕಂಬಿ ಹಿಡಿದು ನಿಂತುಬಿಡುತ್ತಾರೆ. ಮೊದಮೊದಲು ಅಕ್ಕ ಇದನ್ನು ದೊಡ್ಡ ಗುಣ ಅಂದುಕೊಂಡಿದ್ದಳು. ಆದರೆ ಊರಿನ ಅಜ್ಜಿಯರೆಲ್ಲ ತನ್ನ ಪಕ್ಕ ಕೂತು ಎದ್ದುಹೋದ ಮೇಲೆ ಅವಳಿಗೆ ಅನುಮಾನ ಹತ್ತಿತು.

ಅವತ್ತು ರಾತ್ರಿ ಊಟಕ್ಕೆ ನಾನೂ ಅಲ್ಲಿದ್ದೆ. ಅಕ್ಕ ಸೌಟನ್ನು ಪಾತ್ರೆಗೆ ಕುಕ್ಕಿ ಹೇಳಿದಳು, "ಈ ಭಾನುವಾರ ನಾವೂ ಸರೋವರಕ್ಕೆ ಹೋಗ್ತೀವಿ. ಬಸ್ಸಲ್ಲಿ ನೀವು ನನ್ನ ಪಕ್ಕ ಕೂರ್ಬೇಕು. ಅಜ್ಜಿ ಬರಲಿ, ತಾತ ಬರಲಿ, ಏಳಕೂಡದು."

"ನೋಡೋಣ, ಸೀಟು ಸಿಗಬೇಕಲ್ಲ," ಎಂದರು ಭಾವ, ಕಪಾಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.

"ಸಿಗುತ್ತೆ. ಸಿಕ್ಕಿಯೂ ಕೂರ್ಲಿಲ್ಲ ಅಂದ್ರೆ ನಿಮಗೆ ನಾನು ಬೇಡ ಅಂತ ತಿಳ್ಕೋತೀನಿ. ಪೆಟ್ಟಿಗೆ ಕಟ್ಕೊಂಡು ಇವನ ಜೊತೆ ಹೋಗಿ ಇದ್ಬಿಡ್ತೀನಿ."

ಇವನು ಎಂದರೆ ನಾನು. ನನ್ನ ಅರಮನೆ ಅಂಗಡಿಯ ಮೇಲಿನ ಒಂದೇ ಕೋಣೆ. ಅದರಲ್ಲಿ ಒಂದು ಮಂಚ, ಒಂದು ಫ್ಯಾನು. ಆ ಫ್ಯಾನಿನ ಗಾಳಿ ಬೀಳುವುದೂ ಮಂಚದ ಮೇಲೆ ಮಾತ್ರ. ಬೇಸಿಗೆಯಲ್ಲಿ ಅದರ ಕೆಳಗೆ ಅಕ್ಕ ಮಲಗಿದರೆ ನಾನು ಹೊಲಿಗೆ ಮಿಷಿನ್ನಿನ ಕೆಳಗೆ ಮಲಗಬೇಕು. ಸಂಸಾರದ ವಿಷಯದಲ್ಲಿ ಬಾಯಿ ಹಾಕಬಾರದೆಂದು ಇದ್ದ ನಾನು ತಕ್ಷಣ "ನಾನೂ ಬರ್ತೀನಿ" ಎಂದೆ. ಭಾವನನ್ನು ಸೀಟಿಗೆ ಒತ್ತಿ ಹಿಡಿಯಲು ಒಬ್ಬರು ಬೇಕಿತ್ತು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸೀಟಿಗೇನೂ ಬರ ಇರಲಿಲ್ಲ. ಕಿಟಕಿ ಪಕ್ಕ ಅಕ್ಕ ಕೂತಳು. ಪಕ್ಕದಲ್ಲಿ ಭಾವನನ್ನು ಕೂರಿಸಿ ನಾನು ಹಿಂದಿನ ಸೀಟಿನಲ್ಲಿ ಕೂತೆ, ಎರಡೂ ಕೈಯನ್ನು ಅವರ ಹೆಗಲ ಮೇಲಿಟ್ಟು. ನೋಡಿದವರಿಗೆ ಇದು ಪ್ರೀತಿಯಂತೆ ಕಾಣಬೇಕು. ಬಸ್ಸು ಹೊರಟಿತು. ಅಕ್ಕ ಫೋನು ತೆಗೆದು ಫೋಟೊಗೆ ಸಜ್ಜಾದಳು. ಭಾವ ಜೇಬಿನಿಂದ ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದರು.

"ನಿಂಬೆಹಣ್ಣು ಯಾಕೆ ಭಾವ?" ಎಂದೆ.

"ಪರಿಮಳ ಚೆನ್ನಾಗಿದೆ."

ಮೊದಲನೆಯ ತಿರುವು ಬಂತು. ಭಾವನ ಮುಖದ ಬಣ್ಣವೂ ತಿರುಗಿತು. ಎರಡನೆಯ ತಿರುವಿನಲ್ಲಿ ಅವರು ನನ್ನ ಕೈ ಕೊಡವಿ ಎದ್ದು ನಿಂತು, "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಎಂದರು.

ಅಲ್ಲಿ ಅಜ್ಜಿಯೇ ಇರಲಿಲ್ಲ. ಇದ್ದವನು ಗಾಳಿಗೆಂದು ಪಕ್ಕದಲ್ಲಿ ನಿಂತಿದ್ದ ಒಬ್ಬ ಪೈಲ್ವಾನನಂಥ ಯುವಕ. ಅವನ ತೋಳು ನನ್ನ ಸೊಂಟದಷ್ಟಿತ್ತು. ಅವನು ಗಾಬರಿಯಾಗಿ, "ನನಗೇನಾಗಿದೆ ಸಾರ್? ನಾನು ಗಟ್ಟಿಮುಟ್ಟಾಗಿದ್ದೀನಿ" ಎಂದ.

"ಹಾಗನ್ನಬಾರ್ದಪ್ಪ. ಯಾವ ಹೊತ್ತಲ್ಲಿ ಏನೋ! ಕೂತ್ಕೋ," ಎಂದು ಭಾವ ಅವನನ್ನು ಸೀಟಿಗೆ ತುಂಬಿಯೇ ಬಿಟ್ಟರು. ತುಂಬಿದ ರಭಸಕ್ಕೆ ಅಕ್ಕ ಕಿಟಕಿಯ ಗಾಜಿಗೆ ಅಂಟಿಕೊಂಡಳು. ಅವಳು ತೆಗೆಯುತ್ತಿದ್ದ ಫೋಟೊದಲ್ಲಿ ಗಂಡನ ಬದಲು ಒಂದು ಭುಜ ಬಂತು. ಅವಳು ತಿರುಗಿ ಭಾವನನ್ನು ನೋಡಿದ ನೋಟಕ್ಕೆ ನನ್ನ ಫ್ಯಾನು ಕಣ್ಣ ಮುಂದೆ ಬಂದು ಹೋಯಿತು.

ಕಂಬಿ ಕೈಗೆ ಸಿಕ್ಕಿದ್ದೇ ತಡ, ಭಾವನ ಮುಖಕ್ಕೆ ರಕ್ತ ಬಂತು, ಬಾಯಿಗೆ ಮಾತೂ ಬಂತು. "ಮುಂದೆ ಹೋಗಿ, ಮುಂದೆ ಹೋಗಿ. ಬಾಗಿಲ ಹತ್ರ ಯಾರೂ ನಿಲ್ಬೇಡಿ. ಟಿಕೆಟ್ ಎಲ್ಲರೂ ಕೈಯಲ್ಲೇ ಹಿಡ್ಕೊಳ್ಳಿ." ಕೂತಿದ್ದವರೂ ಎದ್ದು ಮುಂದೆ ಹೋದರು. ಆ ಬಸ್ಸಿನ ಕಂಡಕ್ಟರ್ ಹೊಸಬ, ಮೀಸೆಯೂ ಹೊಸದು. ಭಾವ ಅವನ ಟಿಕೆಟ್ ಮಿಷಿನ್ನನ್ನು ಒಮ್ಮೆ ನೋಡಿ, "ಪಟ್ಟಿ ಸಡಿಲ ಆಗಿದೆ, ಬಿಗಿ ಮಾಡ್ಕೊಳ್ರಿ" ಎಂದರು. ಅಷ್ಟೇ. ಹುಡುಗ ನಿಂತಲ್ಲೇ ಪಟ್ಟಿ ಬಿಗಿ ಮಾಡಿಕೊಂಡ. ಮಾಮೂಲಿ ಬಟ್ಟೆಯಲ್ಲಿ ಬಂದು, ಸೀಟಿದ್ದರೂ ಕೂರದೆ, ಮಿಷಿನ್ನಿನ ಪಟ್ಟಿ ನೋಡುವವರು ಚೆಕಿಂಗ್‌ನವರಲ್ಲದೆ ಇನ್ನಾರು?

ಅವನು ಹೋಗಿ ಡ್ರೈವರ್ ಕಿವಿಯಲ್ಲಿ ಹೇಳಿದ. ಡ್ರೈವರ್ ಬಸ್ಸನ್ನು ಹೊಸ ಮದುಮಗಳಂತೆ ನಡೆಸತೊಡಗಿದ. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಡ್ರೈವರ್ ಟೀ ಅಂಗಡಿಯವನಿಗೆ ಹೇಳಿದ. ಟೀ ಅಂಗಡಿಯವನ ತಮ್ಮ ಸರೋವರದ ಬೋಟ್ ಹೌಸಿನಲ್ಲಿ ಟಿಕೆಟ್ ಹರಿಯುವವನು. ಹೀಗೆ ನಾವು ಊರು ಮುಟ್ಟುವುದಕ್ಕೆ ಮುಂಚೆಯೇ ನಮ್ಮ ಸುದ್ದಿ ಮುಟ್ಟಿತು. ಹೊರಟಾಗ ಚೆಕಿಂಗ್‌ನವರಾಗಿದ್ದ ಭಾವ ಇಳಿಯುವಾಗ 'ಮೇಲಿನಿಂದ ಬಂದ ದೊಡ್ಡ ಸಾಹೇಬರು' ಆಗಿದ್ದರು. ಎಷ್ಟು ಮೇಲಿನಿಂದ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ಸಮನಾಗಿ ಹೆದರಿದ್ದರು.

ಊರು ಚಿಕ್ಕದು, ಚೊಕ್ಕವಾದದ್ದು. ನೀರಿನತ್ತ ಇಳಿಯುವ ಒಂದೇ ಬೀದಿ, ಎರಡೂ ಬದಿಗೆ ಐಸ್‌ಕ್ರೀಮು, ಟೋಪಿ, ಬಲೂನಿನ ಅಂಗಡಿಗಳು. ಬೀದಿಯ ಕೊನೆಗೆ ಸರೋವರ ಥಟ್ಟನೆ ಕಂಡಾಗ ಅಕ್ಕ ಕೋಪವನ್ನು ಮರೆತು "ಅಯ್ಯೋ, ಎಷ್ಟು ಚೆನ್ನಾಗಿದೇರೀ!" ಎಂದಳು. ನಿಜಕ್ಕೂ ಚೆನ್ನಾಗಿತ್ತು. ಸುತ್ತ ಗುಡ್ಡ, ನಡುವೆ ನೀಲಿ ನೀರು, ನೀರಿನ ಮೇಲೆ ಬಿಸಿಲು.

ಅದನ್ನು ಪೂರ್ತಿ ನೋಡಲು ಬಿಡಬೇಕಲ್ಲ! ಜರಿ ಅಂಚಿನ ಟೋಪಿ ಹಾಕಿದ ಬೋಟ್ ಹೌಸ್ ಸೂಪರ್‌ವೈಸರ್ ಓಡಿಬಂದು ಭಾವನ ಮುಂದೆ ಸಲಾಂ ಹೊಡೆದ. "ಬನ್ನಿ ಸಾರ್. ಆಫೀಸಲ್ಲಿ ಕೂತ್ಕೊಂಡು ಮಾತಾಡೋಣ."

ಕೂರುವ ಮಾತು ಬಂದದ್ದೇ ಭಾವನ ಮುಖ ಬಿಳುಚಿತು. ಆಫೀಸು ನೋಡಿದರೆ ತೇಲುವ ಹಲಗೆಯ ಮೇಲಿತ್ತು, ಅಲೆಗೆ ತಕ್ಕಂತೆ ತೂಗುತ್ತಿತ್ತು. ಅಲ್ಲಿ ಅವರು ಒಂದು ಮಾತು ಹೇಳಿಬಿಟ್ಟರು. "ನಾನು ಡ್ಯೂಟಿಯಲ್ಲಿ ಕೂರಲ್ಲ."

ಸೂಪರ್‌ವೈಸರ್ ಇನ್ನೊಂದು ಸಲಾಂ ಹೊಡೆದ. ಅಕ್ಕ ಮಾತ್ರ ನಿಂತಲ್ಲೇ ಕಲ್ಲಾದಳು.

"ಡ್ಯೂಟಿ?" ಎಂದಳು ನನ್ನ ಕಡೆ ತಿರುಗಿ. "ಕೇಳಿದ್ಯೇನೋ? ಡ್ಯೂಟಿಯಂತೆ! ನನ್ನ ಕರ್ಕೊಂಡು ಬಂದಿಲ್ಲ ಇವರು, ಕೆಲಸಕ್ಕೆ ಬಂದಿದ್ದಾರೆ, ದಾರಿಯಲ್ಲಿ ನನ್ನನ್ನೂ ಹಾಕ್ಕೊಂಡು ಬಂದಿದ್ದಾರೆ. ನಿನ್ನ ಮಂಚದ ಮೇಲಿನ ಬಟ್ಟೆಯೆಲ್ಲ ತೆಗೆದಿಡು."

"ಅಕ್ಕ, ಸ್ವಲ್ಪ ತಾಳ್ಮೆ..."

"ಗೋಡೆ ಕಡೆ ನಾನು ಮಲಗ್ತೀನಿ."

ಮುಂದಿನದನ್ನು ಪ್ರವಾಸ ಎನ್ನುವುದಕ್ಕಿಂತ ಮೆರವಣಿಗೆ ಎನ್ನಬಹುದು. ಮುಂದೆ ಸೂಪರ್‌ವೈಸರ್, ಆಮೇಲೆ ಕೈ ಹಿಂದೆ ಕಟ್ಟಿಕೊಂಡ ಭಾವ, ಅವರ ಹಿಂದೆ ಹಲ್ಲು ಕಚ್ಚಿಕೊಂಡ ಅಕ್ಕ, ಕೊನೆಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರಿನ ಬಾಟಲಿ ಹೊತ್ತ ನಾನು. ಭಾವನಿಗೆ ಸಾಹೇಬಗಿರಿ ಹಿಡಿಸಿಬಿಟ್ಟಿತ್ತು. ಇದರಲ್ಲಿ ಯಾರೂ ಕೂರು ಎನ್ನುವುದಿಲ್ಲವಲ್ಲ! ಬಾತುಕೋಳಿಗಳ ಮುಂದೆ ನಿಂತು "ಇವು ಯಾಕೆ ಒಂದೇ ಕಡೆ ಗುಂಪು ಕಟ್ಟಿವೆ?" ಎಂದು ಕೇಳಿದರು. ಇಬ್ಬರು ಆಳುಗಳು ನೀರಿಗಿಳಿದು ಬಾತುಕೋಳಿಗಳನ್ನು ಸಮನಾಗಿ ಹರಡಲು ಹೆಣಗಾಡಿದರು. ಅವು ಬೈಯುತ್ತಾ ಹೋಗಿ ಮತ್ತೆ ಗುಂಪು ಸೇರಿದವು.

ಸೂಪರ್‌ವೈಸರ್ ಇನ್ನೊಂದು ಕೆಲಸ ಮಾಡಿದ್ದ. ಸಾಹೇಬರು ಬರುತ್ತಾರೆಂದು ತಿಳಿದ ಕೂಡಲೇ ದಡದ ಬೆಂಚುಗಳಿಗೆಲ್ಲ ಹಸಿರು ಬಣ್ಣ ಬಳಿಸಿದ್ದ. ಬಣ್ಣ ಹಸಿ ಎಂಬ ಬೋರ್ಡು ಹಾಕಲು ಅವನಿಗೆ ಪುರುಸೊತ್ತಾಗಿರಲಿಲ್ಲ. ಹೊತ್ತು ಹೊತ್ತು ಸುಸ್ತಾಗಿ ನಾನು ಒಂದು ಬೆಂಚಿನ ಮೇಲೆ ಕುಸಿದೆ. ಏಳುವಾಗ ಬೆಂಚೂ ನನ್ನ ಜೊತೆ ಏಳಲು ನೋಡಿತು. ಬೂದು ಬಣ್ಣದ ಪ್ಯಾಂಟು, ನಾನೇ ಕತ್ತರಿಸಿ ಹೊಲಿದದ್ದು, ಹಿಂಭಾಗದಲ್ಲಿ ಮೂರು ಅಗಲವಾದ ಹಸಿರು ಪಟ್ಟೆ. ಅಕ್ಕ ನೋಡಿದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವತ್ತು ನಗಲೂ ಇಲ್ಲ. ಆಗ ನನಗೆ ಅರ್ಥವಾಯಿತು, ಇದು ಫ್ಯಾನಿನ ಪ್ರಶ್ನೆಯಲ್ಲ, ಅವಳಿಗೆ ನಿಜಕ್ಕೂ ನೋವಾಗಿದೆ ಎಂದು.

"ಕೊನೇದಾಗಿ ಬೋಟ್ ಒಂದು ನೋಡಿಬಿಡಿ ಸಾರ್," ಎಂದ ಸೂಪರ್‌ವೈಸರ್.

"ಬೇಡ, ಚೆನ್ನಾಗೇ ಇದೆ. ಇಲ್ಲಿಂದಲೇ ಕಾಣ್ಸುತ್ತೆ," ಎಂದರು ಭಾವ.

"ನೋಡ್ತಾರೆ," ಎಂದಳು ಅಕ್ಕ.

ಬೋಟಿನಲ್ಲಿ ಉದ್ದಕ್ಕೆ ಬೆಂಚುಗಳಿದ್ದವು, ಆಗಲೇ ಜನ ತುಂಬಿದ್ದರು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಅಕ್ಕ ಒಂದು ಬೆಂಚಿನ ಮುಂದಿನ ತುದಿಯಲ್ಲಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. "ಇಲ್ಲಿ ಅಜ್ಜಿಯಿಲ್ಲ, ಪೈಲ್ವಾನನಿಲ್ಲ. ಡ್ಯೂಟಿ ಮುಗೀತು. ಎಲ್ಲರೂ ನೋಡ್ತಿದ್ದಾರೆ. ಕೂತ್ಕೊಳ್ಳಿ."

"ಹೌದು ಸಾರ್, ಕೂರ್ಲೇಬೇಕು," ಎಂದ ಬೋಟ್ ನಡೆಸುವವನು. "ನಿಂತ್ರೆ ಬೋಟ್ ವಾಲುತ್ತೆ."

ಭಾವ ನನ್ನನ್ನು ನೋಡಿದರು. ನಾನು ಸರೋವರವನ್ನು ನೋಡಿದೆ. ಅವರು ಕೂತರು. ಅಕ್ಕನ ಮುಖ ಅರಳಿತು. ಫೋನನ್ನು ನನ್ನ ಕೈಗೆ ಕೊಟ್ಟು, "ತೆಗೆಯೋ, ಬೇಗ ತೆಗಿ" ಎಂದು ಗಂಡನ ತೋಳಿಗೆ ತೋಳು ಸೇರಿಸಿದಳು. ಬೋಟು ಹೊರಟಿತು.

ದಡ ದೂರವಾಗುತ್ತಾ ಹೋದಂತೆ ಭಾವನ ಮುಖ ದಡದ ಬೆಂಚಿನ ಬಣ್ಣಕ್ಕೆ ಬಂತು. ಅವರು ಗಬಕ್ಕನೆ ಎದ್ದರು. ಮೇಲೆ ಕೈಚಾಚಿ ಕಂಬಿ ಹುಡುಕಿದರು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಬೋಟಿನ ಅಂಚಿಗೆ ಹೋಗೋಣವೆಂದರೆ ನಡುವೆ ಜನರ ಮೊಣಕಾಲುಗಳು. ಆ ಸಂಕಟದಲ್ಲಿ ಅವರಿಗೆ ಜೀವಮಾನವಿಡೀ ಆಡಿದ ಮಾತೇ ಬಾಯಿಗೆ ಬಂತು.

"ಮುಂದೆ ಹೋಗಿ! ಮುಂದೆ ಹೋಗಿ!"

ಸಾಹೇಬರ ಆಜ್ಞೆ! ಬೋಟಿನಲ್ಲಿದ್ದವರೆಲ್ಲ ಎದ್ದು ಒಟ್ಟಿಗೆ ಮುಂದೆ ಹೋದರು. ಬೋಟಿನ ಮೂಗು ನೀರಿಗೆ ಮುಳುಗಿತು, ಬಾಲ ಮೇಲೆದ್ದಿತು, ಮೋಟಾರು ಗಾಳಿಯಲ್ಲಿ ಬೊಬ್ಬೆ ಹಾಕಿತು.

"ಹಿಂದೆ! ಹಿಂದೆ ಬರ್ರೋ!" ಎಂದು ಅರಚಿದ ಬೋಟಿನವನು.

ಯಾರೂ ಅಲುಗಲಿಲ್ಲ. ಎಲ್ಲರೂ ಸಾಹೇಬರ ಬಾಯನ್ನೇ ನೋಡುತ್ತಿದ್ದರು. "ಹೇಳಿ ಭಾವ!" ಎಂದು ನಾನು ಕಿರುಚಿದೆ. "ಹಿಂದೆ... ಹಿಂದೆ ಬನ್ನಿ..." ಎಂದರು ಭಾವ. ಎಲ್ಲರೂ ಹಿಂದಕ್ಕೆ ನುಗ್ಗಿದರು. ಈಗ ಬಾಲ ಮುಳುಗಿತು. ಮೂಗಿನ ತುದಿಯಲ್ಲಿ ಒಬ್ಬಂಟಿಯಾಗಿ ಕೂತಿದ್ದ ಅಕ್ಕ ಆಕಾಶಕ್ಕೇರಿದಳು. ಅಷ್ಟೆತ್ತರದಿಂದಲೂ ಅವಳ ಬೈಗುಳ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಸೂಪರ್‌ವೈಸರ್ ಮಾತ್ರ ಭಾವನ ಪಕ್ಕ ಬಿಟ್ಟು ಕದಲಿರಲಿಲ್ಲ. "ಏನು ಬೇಕು ಸಾರ್? ಏನು ಕೊಡ್ಲಿ ಸಾರ್?" ಎಂದು ಟೋಪಿ ತೆಗೆದು ವಿನಯದಿಂದ ಎದುರಿಗೆ ಹಿಡಿದ. ಭಾವನಿಗೆ ಬೇಕಾಗಿದ್ದದ್ದು ಅದೇ. ಜರಿ ಅಂಚಿನ ಆ ಟೋಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಗಿನ ತಿಂಡಿಯನ್ನೆಲ್ಲ ಅದಕ್ಕೆ ಒಪ್ಪಿಸಿದರು.

ಬೋಟಿನವನು ಬುದ್ಧಿವಂತ. ಬೋಟನ್ನು ನೇರವಾಗಿ ದಡದ ಜೊಂಡಿನೊಳಗೆ ನುಗ್ಗಿಸಿ ಕೆಸರಿನಲ್ಲಿ ಹೂತು ನಿಲ್ಲಿಸಿದ. ಮೊಣಕಾಲುದ್ದದ ನೀರು. ಎಲ್ಲರೂ ದೇವರನ್ನೋ ಭಾವನನ್ನೋ ನೆನೆಯುತ್ತಾ ಇಳಿದರು.

ಸೂಪರ್‌ವೈಸರ್ ಟೋಪಿಯನ್ನು ತೋಳಿನಷ್ಟು ದೂರ ಹಿಡಿದುಕೊಂಡು, "ಸಾರ್, ದಯವಿಟ್ಟು ಇದನ್ನ ಮೇಲಿನವರಿಗೆ ತಿಳಿಸ್ಬೇಡಿ" ಎಂದು ಗೋಗರೆದ.

"ಯಾವ ಮೇಲಿನವರು ರೀ?" ಎಂದು ನೀರನ್ನು ತುಳಿಯುತ್ತಾ ಬಂದಳು ಅಕ್ಕ. "ಇವರು ಬಸ್ ಕಂಡಕ್ಟರು! ಇವರ ಮೇಲೆ ಇರೋದು ಬಸ್ಸಿನ ಟಾಪು!"

ಸೂಪರ್‌ವೈಸರ್ ಭಾವನನ್ನು ನೋಡಿದ, ಟೋಪಿಯನ್ನು ನೋಡಿದ. "ಕಂಡಕ್ಟರಾ? ಹಾಗಾದ್ರೆ ನಾನು ಬೆಳಿಗ್ಗೆಯಿಂದ ಸಲಾಂ ಹೊಡೆದದ್ದು ಯಾರಿಗೆ?"

"ಸಾಹೇಬ ಅಂತ ನಾನೆಲ್ಲೂ ಹೇಳಿಲ್ಲ," ಎಂದರು ಭಾವ ಸಣ್ಣ ದನಿಯಲ್ಲಿ.

"ಅಲ್ಲ ಅಂತಾನೂ ಹೇಳಿಲ್ಲ! ಬಾತುಕೋಳಿ ಹರಡಿಸಿದ್ರಲ್ರೀ ನನ್ನ ಕೈಯಲ್ಲಿ!"

"ಬಾತುಕೋಳಿ ಆಮೇಲೆ," ಎಂದು ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿದಳು. ಅವಳ ಕಣ್ಣು ತುಂಬಿತ್ತು. "ನನಗೆ ಒಂದೇ ಒಂದು ಹೇಳಿ. ನನ್ನ ಪಕ್ಕ ಕೂರೋಕೆ ನಿಮಗೇನು ಕಷ್ಟ? ನಾನೇನು ಮುಳ್ಳಾ? ಒಂದು ಸೀಟು ಕೇಳಿದೆ, ಅರಮನೆ ಕೇಳಿದ್ನಾ? ಅದಕ್ಕೆ ಇಡೀ ಬೋಟ್ ಮುಳುಗಿಸೋಕೆ ಹೊರಟ್ರಲ್ಲ!"

ಇಳಿದ ಜನ ಒಬ್ಬರೂ ದಡ ಹತ್ತಲಿಲ್ಲ. ಉತ್ತರ ಕೇಳಿಕೊಂಡೇ ಹೋಗೋಣವೆಂದು ನೀರಲ್ಲೇ ನಿಂತರು.

"ಕೂತ್ರೆ ವಾಂತಿ ಬರುತ್ತೆ ಕಣೇ," ಎಂದರು ಭಾವ.

"ನನ್ನ ಪಕ್ಕ ಕೂತ್ರಾ?"

"ಯಾರ ಪಕ್ಕ ಕೂತ್ರೂ! ಓಡೋ ಗಾಡಿಯಲ್ಲಿ ಕೂತ್ರೆ ಬರುತ್ತೆ. ಕಂಬಿ ಹಿಡ್ಕೊಂಡು ನಿಂತ್ರೆ ಏನೂ ಇಲ್ಲ. ಚಿಕ್ಕಂದಿನಿಂದ ಹಾಗೇ. ಅದಕ್ಕೇ ಕಂಡಕ್ಟರ್ ಆಗಿದ್ದು. ಡ್ರೈವರ್ ಆಗಿದ್ರೆ ಕೂರ್ಬೇಕಿತ್ತು."

ಜನರ ಗುಂಪಿನಿಂದ "ಪಾಪ" ಎಂದು ಯಾರೋ ಅಂದರು.

"ಮತ್ತೆ ಹೇಳೋಕೇನಾಗಿತ್ತು ನಿಮಗೆ?"

"ಮದುವೆಯಾಗಿ ನಿನ್ನ ಕರ್ಕೊಂಡು ಬರುವಾಗ್ಲೇ ಹೇಳೋಣ ಅನ್ಕೊಂಡೆ. ನೀನು ಕಿಟಕಿ ಪಕ್ಕ ಕೂತು, ಇವರು ಬಸ್ಸಿನವರು ಅಂತ ಎಲ್ಲರಿಗೂ ಹೆಮ್ಮೆಯಿಂದ ಹೇಳ್ತಿದ್ದೆ. ಬಸ್ಸಿನವನಿಗೆ ಬಸ್ಸೇ ಆಗಲ್ಲ ಅಂದ್ರೆ ನೀನು ನಗ್ತೀಯ ಅನ್ನಿಸ್ತು. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ ಇಷ್ಟು ದಿನ ಆಯ್ತು."

ಅಕ್ಕ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದೆ. ಅವಳು ನಗುತ್ತಿದ್ದಳು. ನಕ್ಕು ನಕ್ಕು ಜೊಂಡು ಹಿಡಿದುಕೊಂಡಳು, ಜೊಂಡು ಕಿತ್ತು ಬಂದಾಗ ನೀರಿನಲ್ಲೇ ಕೂತಳು, ಕೂತೂ ನಕ್ಕಳು. "ಆ ಪೈಲ್ವಾನ... ಅಯ್ಯೋ... ಬನ್ನಿ ಅಜ್ಜಿ ಅಂದ್ರಲ್ರೀ ಅವನಿಗೆ!"

"ನೋಡು, ನಗ್ತಿದ್ದೀಯ," ಎಂದರು ಭಾವ ನೊಂದ ದನಿಯಲ್ಲಿ.

"ನಗ್ತೀನಿ. ಇಷ್ಟು ವರ್ಷದ್ದೂ ಸೇರಿಸಿ ನಗ್ತೀನಿ," ಎಂದು ಅಕ್ಕ ಕೈ ಚಾಚಿದಳು. ಭಾವ ಎಳೆದು ಎಬ್ಬಿಸಿದರು. ಸೂಪರ್‌ವೈಸರಿಗೆ ನಾನು ಹೊಸ ಟೋಪಿ ಹೊಲಿದು ಕಳಿಸುವುದಾಗಿ ಮಾತು ಕೊಟ್ಟ ಮೇಲೆ ಅವನು ನಮ್ಮನ್ನು ಊರು ಬಿಡಲು ಬಿಟ್ಟ.

ಸಂಜೆ ಅದೇ ಬಸ್ಸು. ನೆನೆದವರೆಲ್ಲ ಬಟ್ಟೆ ಒಣಗಿಸಿಕೊಂಡು ಕೊನೆಯ ಬಸ್ಸಿಗೆ ಬರುತ್ತೇವೆಂದು ಉಳಿದಿದ್ದರಿಂದ ಬಸ್ಸಿನಲ್ಲಿ ನಾವು ಮೂವರೇ. ನಾನು ಹಿಂದಿನ ಉದ್ದ ಸೀಟಿನಲ್ಲಿ ಮಗ್ಗುಲಾಗಿ ಮಲಗಿದೆ. ಭಾವ ಮಾಮೂಲಿನಂತೆ ಕಂಬಿ ಹಿಡಿದು ನಿಂತು, ಅಕ್ಕನಿಗೆ ಕಿಟಕಿ ಪಕ್ಕದ ಸೀಟು ತೋರಿಸಿದರು. ಅವಳು ಆ ಸೀಟನ್ನು ನೋಡಿದಳು, ಅವರನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಪಕ್ಕದ ಕಂಬಿಗೆ ಕೈ ಹಾಕಿದಳು.

"ಬೀಳ್ತೀಯ. ಕೂತ್ಕೋ ಹೋಗು," ಎಂದರು ಭಾವ.

"ಹೇಗೆ ನಿಲ್ಬೇಕು ಹೇಳ್ಕೊಡಿ."

"ಕಾಲು ಅಗಲ ಮಾಡು. ಮೊಣಕಾಲು ಸಡಿಲ ಬಿಡು. ತಿರುವು ಬಂದಾಗ ನನ್ನ ಕಡೆ ವಾಲು."

ತಿರುವು ಬಂತು. ಅವಳು ವಾಲಿದಳು. ತಿರುವು ಮುಗಿದ ಮೇಲೂ ಹಾಗೇ ಇದ್ದಳು. ಭಾವ ಬಸ್ಸಿನಲ್ಲಿ ಒಂದೂ ಆಜ್ಞೆ ಕೊಡದೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಹೊಸ ಮೀಸೆಯ ಕಂಡಕ್ಟರ್ ಟಿಕೆಟ್ ಕೊಡಲು ಬಂದು, ಸಾಲುಸಾಲು ಖಾಲಿ ಸೀಟುಗಳನ್ನೂ ಇವರಿಬ್ಬರನ್ನೂ ನೋಡಿ ಕಕ್ಕಾಬಿಕ್ಕಿಯಾದ. "ಅಮ್ಮ, ಇಡೀ ಬಸ್ಸು ಖಾಲಿ ಇದೆ. ಎಲ್ಲಿ ಬೇಕಾದ್ರೂ ಕೂತ್ಕೋಬಹುದಲ್ಲ?"

"ಸುಮ್ನಿರಪ್ಪ," ಎಂದಳು ಅಕ್ಕ, ಕಂಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು. "ಇಷ್ಟು ವರ್ಷಕ್ಕೆ ಇವರ ಪಕ್ಕ ಜಾಗ ಸಿಕ್ಕಿದೆ. ಬಿಟ್ರೆ ಯಾರಾದ್ರೂ ಅಜ್ಜಿಗೆ ಕೊಟ್ಬಿಡ್ತಾರೆ."